ಬೀಗದ ಕೈ ಹೊಂದಿದರೆ ಸಾಲದು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಊರಿನ ಗ್ರಂಥಾಲಯದಲ್ಲಿ, ಮಳೆ ಹಿಡಿದ ಒಂದು ಭಾನುವಾರ ಮಧ್ಯಾಹ್ನ ಕಿಣ್ವಗಳ ಬಗ್ಗೆ, ಅಂದರೆ ಜೀವಿಗಳೊಳಗೆ ರಾಸಾಯನಿಕ ಕ್ರಿಯೆಗಳನ್ನು ಬೇಗ ಮಾಡಿಸುವ ಎನ್‌ಝೈಮ್‌ಗಳ ಬಗ್ಗೆ, ನಾನು ಆಡಿದ ಮಾತುಗಳು ಇವು. ಎದುರಿಗೆ ಹೈಸ್ಕೂಲು ಮಕ್ಕಳಿದ್ದರು, ಅವರ ಅಮ್ಮಂದಿರಿದ್ದರು, ಅಡಿಕೆ ತೋಟದವರಿದ್ದರು. ಮಾತಾಡಿದ್ದನ್ನು ಬರೆದು ಕೊಡಿ ಎಂದು ಕೆಲವರು ಕೇಳಿದರು. ಬರೆಯುವಾಗ ಅಲ್ಲಿ ಹೇಳಲು ಬಿಟ್ಟುಹೋದ ಒಂದೆರಡು ಸಂಗತಿಗಳನ್ನೂ ಸೇರಿಸಿದ್ದೇನೆ.

ಮೊದಲು ಈ ಸಾಸಿವೆ ನೋಡಿ. ನಾಲ್ಕು ಕಾಳು ನಾಲಗೆಯ ಮೇಲೆ ಇಟ್ಟುಕೊಳ್ಳಿ, ಅಗಿಯಬೇಡಿ. ಏನೂ ಇಲ್ಲ ಅಲ್ವಾ? ಮೂಸಿ ನೋಡಿದರೂ ಘಾಟು ಇಲ್ಲ. ಇದನ್ನೇ ತೆಂಗಿನತುರಿಯ ಜೊತೆ ಸ್ವಲ್ಪ ನೀರು ಬಿಟ್ಟು ಅರೆಯಿರಿ. ಮೂಗಿಗೆ ಏರುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಕಾಟು ಮಾವಿನ ಹಣ್ಣಿಗೆ ಹೀಗೆ ಅರೆದದ್ದನ್ನು ಬೆರೆಸಿ ಮಾಡುವ ಸಾಸಮೆಗೆ ಜೀವ ಕೊಡುವುದೇ ಆ ಘಾಟು. ಅದೇ ಸಾಸಿವೆಯನ್ನು ಒಗ್ಗರಣೆಗೆ ಹಾಕಿದರೆ? ಚಟಪಟ ಸಿಡಿಯುತ್ತದೆ, ಪರಿಮಳ ಬರುತ್ತದೆ. ಆದರೆ ಮೂಗಿಗೆ ಏರುವುದಿಲ್ಲ. ಇಲ್ಲಿರುವ ಅಮ್ಮಂದಿರಿಗೆಲ್ಲ ಇದು ಗೊತ್ತು. ಸಾಸಮೆಯನ್ನು ಕುದಿಸಬಾರದು ಎಂದೂ ಗೊತ್ತು.

ಹಾಗಾದರೆ ಆ ಘಾಟು ಕಾಳಿನಲ್ಲಿ ಎಲ್ಲಿತ್ತು?

ಇರಲೇ ಇಲ್ಲ. ಇದ್ದದ್ದು ಸಿನಿಗ್ರಿನ್ ಎಂಬ ವಸ್ತು. ಅದಕ್ಕೆ ಸಕ್ಕರೆಯ ಒಂದು ತುಂಡು ಅಂಟಿಕೊಂಡಿರುತ್ತದೆ. ಅದು ಗಾಳಿಗೆ ಹಾರುವುದಿಲ್ಲ, ಮೂಗಿಗೆ ತಾಗುವುದಿಲ್ಲ. ಅದೇ ಕಾಳಿನಲ್ಲಿ, ಆದರೆ ಬೇರೆ ಕಡೆ, ಮೈರೋಸಿನೇಸ್ ಎಂಬ ಕಿಣ್ವ ಇದೆ. ಒಂದೇ ಮನೆಯ ಎರಡು ಕೋಣೆ, ನಡುವೆ ಗೋಡೆ. ಅರೆಯುವಾಗ ಗೋಡೆ ಒಡೆಯುತ್ತದೆ, ನೀರು ಸೇರುತ್ತದೆ, ಕಿಣ್ವದ ಕೈಗೆ ಸಿನಿಗ್ರಿನ್ ಸಿಗುತ್ತದೆ. ಕಿಣ್ವ ಆ ಸಕ್ಕರೆಯ ತುಂಡನ್ನು ಕತ್ತರಿಸಿ ಹಾಕುತ್ತದೆ. ಉಳಿದ ಭಾಗ ಹಾಗೆಯೇ ನಿಲ್ಲಲಾರದೆ ತಾನಾಗಿ ರೂಪ ಬದಲಿಸಿ ಅಲೈಲ್ ಐಸೋಥಯೋಸಯನೇಟ್ ಆಗುತ್ತದೆ. ಹೆಸರು ಉದ್ದ, ಆದರೆ ನೀವೆಲ್ಲ ಅದನ್ನು ಚೆನ್ನಾಗಿ ಬಲ್ಲಿರಿ. ಮೂಗಿಗೆ ಏರುವುದು ಅದೇ. ಗಿಡ ಇದನ್ನು ಇಟ್ಟುಕೊಂಡದ್ದು ನಮ್ಮ ಸಾಸಮೆಗಾಗಿ ಅಲ್ಲ. ಹುಳ ಕಚ್ಚಿದ ಕೂಡಲೇ ಗೋಡೆ ಒಡೆದು, ಹುಳದ ಬಾಯಲ್ಲೇ ಘಾಟು ಹುಟ್ಟಬೇಕು ಎಂಬ ಏರ್ಪಾಡು ಅದು. ಒಗ್ಗರಣೆಯಲ್ಲಿ ಬಿಸಿ ಎಣ್ಣೆಗೆ ಬಿದ್ದ ಕ್ಷಣವೇ ಕಿಣ್ವ ಕೆಡುತ್ತದೆ. ಕತ್ತರಿಸುವವರೇ ಇಲ್ಲದ ಮೇಲೆ ಘಾಟು ಎಲ್ಲಿಂದ ಬರಬೇಕು?

ಈಗ ಇನ್ನೊಂದು ಕೆಲಸ ಮಾಡೋಣ. ಈ ಎರಡು ಲೋಟಗಳಲ್ಲಿ ಗಂಜಿಯ ತೆಳಿ ಇದೆ, ನೀರು ಹಾಕಿ ತೆಳ್ಳಗೆ ಮಾಡಿದ್ದು. ಒಂದಕ್ಕೆ ಈ ಹುಡುಗ ತನ್ನ ಬಾಯಿಯ ಎಂಜಲು ಹಾಕಿದ್ದಾನೆ, ಇನ್ನೊಂದಕ್ಕೆ ಇಲ್ಲ. ಎರಡನ್ನೂ ಬದಿಗೆ ಇಡುತ್ತೇನೆ. ಕಾಲು ಗಂಟೆ ಬಿಟ್ಟು ನೋಡೋಣ.

ಅಷ್ಟರಲ್ಲಿ ಹೆಸರಿನ ಬಗ್ಗೆ ಒಂದು ಮಾತು. ನಾವು ಎರಡು ಭಾಷೆಯ ನಡುವೆ ಬದುಕುವವರು. ಇಂಥ ಕಡೆ ಒಂದೇ ವಸ್ತುವಿಗೆ ಎರಡು ಹೆಸರು ಸಿಗುತ್ತದೆ, ಎರಡು ಕಡೆಯಿಂದ ನೋಡುವ ಅವಕಾಶವೂ ಸಿಗುತ್ತದೆ. ಕನ್ನಡದ ಪುಸ್ತಕದಲ್ಲಿ ಕಿಣ್ವ, ಮಲಯಾಳದಲ್ಲಿ ರಾಸಾಗ್ನಿ. ಕಿಣ್ವ ಹಳೆಯ ಸಂಸ್ಕೃತದ ಮಾತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಇದೆ. ಅಲ್ಲಿ ಅದರ ಅರ್ಥ ಹೆಂಡ ಮಾಡುವಾಗ ಹುಳಿ ಬರಿಸಲು ಹಾಕುವ ಹೆಪ್ಪು. ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ 1870ರ ದಶಕದಲ್ಲಿ ಎನ್‌ಝೈಮ್ ಎಂಬ ಹೆಸರು ಕಟ್ಟಿದರಲ್ಲ, ಅವರು ಗ್ರೀಕಿನಿಂದ ಎತ್ತಿಕೊಂಡದ್ದೂ ‘ಯೀಸ್ಟಿನೊಳಗೆ’ ಎಂಬ ಅರ್ಥದ ಮಾತನ್ನೇ. ಅಷ್ಟು ದೂರದ ಎರಡು ಭಾಷೆಗಳು ಒಂದೇ ಹೆಂಡದ ಪಾತ್ರೆಯೊಳಗೆ ಇಣುಕಿದ್ದವು! ರಾಸಾಗ್ನಿಯೂ ಚಂದದ ಶಬ್ದ. ನಮ್ಮಲ್ಲೂ ಜಠರಾಗ್ನಿ ಎನ್ನುತ್ತೇವೆ. ಆದರೆ ನನ್ನ ಮನಸ್ಸು ಕಿಣ್ವದ ಕಡೆಗೇ ವಾಲುತ್ತದೆ. ಬೆಂಕಿ ಕೆಲಸ ಮಾಡುವುದು ಬಿಸಿ ಕೊಟ್ಟು. ಕಿಣ್ವ ಬಿಸಿ ಕೊಡದೆ ಮಾಡುತ್ತದೆ. ಅದರ ದೊಡ್ಡತನ ಇರುವುದೇ ಅಲ್ಲಿ.

ಹೆಂಡದ ಮಾತು ಬಂತು. ತೆಂಗಿನ ಹೊಂಬಾಳೆಯಿಂದ ಇಳಿಯುವ ರಸ ಮೊದಲಿಗೆ ಸಿಹಿ ನೀರು. ಅದು ಬಿಸಿಲು ಏರುವುದರೊಳಗೆ ನೊರೆ ಬಿಟ್ಟು ಕಳ್ಳಾಗುತ್ತದೆ, ಮತ್ತೂ ಇಟ್ಟರೆ ಹುಳಿಯಾಗುತ್ತದೆ. ಇದು ಕಳ್ಳು ಇಳಿಸುವ ಮೂರ್ತೆದಾರರಿಗೆ ತಲೆತಲಾಂತರದಿಂದ ಗೊತ್ತು. ನಮ್ಮ ಕಾಸರಗೋಡಿನ ಸಿಪಿಸಿಆರ್‌ಐ, ಅಂದರೆ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಈ ರಸವನ್ನು ಐಸ್ ಇಟ್ಟ ಪೆಟ್ಟಿಗೆಯಲ್ಲಿ ಹಿಡಿಯುವ ದಾರಿ ಮಾಡಿತು. ಹಾಗೆ ಸಿಹಿಯಾಗಿಯೇ ಉಳಿದ ರಸಕ್ಕೆ ಕಲ್ಪರಸ ಎಂದು ಹೆಸರು. ಒಂದು ಮರ, ಒಂದೇ ರಸ. ತಂಪಿನಲ್ಲಿ ಇಟ್ಟರೆ ಕಲ್ಪರಸ, ಬಿಸಿಲಲ್ಲಿ ಬಿಟ್ಟರೆ ಕಳ್ಳು. ವ್ಯತ್ಯಾಸ ಯೀಸ್ಟಿನೊಳಗಿನ ಕಿಣ್ವಗಳ ಓಟದಲ್ಲಿ. ತಂಪಿನಲ್ಲಿ ಅವು ತೆವಳುತ್ತವೆ.

ಇದಕ್ಕೆ ಯೀಸ್ಟು ಜೀವಂತ ಇರಲೇಬೇಕು ಎಂದು 19ನೇ ಶತಮಾನದ ದೊಡ್ಡ ದೊಡ್ಡವರು ನಂಬಿದ್ದರು. ಲೂಯಿ ಪಾಶ್ಚರ್ ಕೂಡ. 1897ರಲ್ಲಿ ಎಡುವರ್ಡ್ ಬುಖ್ನರ್ ಎಂಬವರು ಯೀಸ್ಟನ್ನು ಮರಳಿನ ಜೊತೆ ಅರೆದು, ಹಿಂಡಿ, ರಸ ತೆಗೆದರು. ಅದರಲ್ಲಿ ಒಂದೂ ಜೀವಕೋಶ ಉಳಿದಿರಲಿಲ್ಲ. ರಸ ಕೆಡದಿರಲಿ ಎಂದು, ನಾವು ಹಣ್ಣಿಗೆ ಸಕ್ಕರೆ ಹಾಕಿಡುವ ಹಾಗೆ, ಸಕ್ಕರೆ ಸೇರಿಸಿದರು. ಗುಳ್ಳೆ ಬರಲು ಶುರುವಾಯಿತು! ಸತ್ತ ಯೀಸ್ಟಿನ ರಸವೇ ಸಕ್ಕರೆಯನ್ನು ಆಲ್ಕೋಹಾಲ್ ಮಾಡುತ್ತಿತ್ತು. 1907ರಲ್ಲಿ ಅವರಿಗೆ ನೊಬೆಲ್ ಬಂತು. ಕಿಣ್ವ ಜೀವಿಯಲ್ಲ, ಜೀವಿಯೊಳಗಿನ ಒಂದು ವಸ್ತು ಎಂದು ಹೀಗೆ ಗೊತ್ತಾಯಿತು. ಆ ವಸ್ತು ಯಾವುದು? 1926ರಲ್ಲಿ ಅಮೆರಿಕದ ಜೇಮ್ಸ್ ಸಮ್ನರ್ ಜ್ಯಾಕ್ ಬೀನ್ ಎಂಬ ಕಾಳಿನಿಂದ ಯೂರಿಯೇಸ್ ಕಿಣ್ವವನ್ನು ಹರಳಾಗಿ ತೆಗೆದು, ಅದು ಪ್ರೋಟೀನ್ ಎಂದು ತೋರಿಸಿದರು. ಹುಡುಗನಾಗಿದ್ದಾಗ ಬೇಟೆಯಲ್ಲಿ ಗುಂಡು ತಾಗಿ ಅವರ ಎಡಗೈ ಹೋಗಿತ್ತು. ಅವರು ಎಡಗೈ ಬಳಸುವವರಾಗಿದ್ದರು. ಬಲಗೈಯಲ್ಲಿ ಎಲ್ಲವನ್ನೂ ಹೊಸದಾಗಿ ಕಲಿತು ಈ ಕೆಲಸ ಮಾಡಿದವರು. ಮಕ್ಕಳಿಗೆ ನಾನು ಇದನ್ನು ಯಾವಾಗಲೂ ಹೇಳುತ್ತೇನೆ.

ಈಗ ವೇಗದ ಮಾತು. ಕಿಣ್ವ ಕ್ರಿಯೆಯನ್ನು ಬೇಗ ಮಾಡಿಸುತ್ತದೆ ಎಂದು ಪುಸ್ತಕ ಒಂದು ಸಾಲಿನಲ್ಲಿ ಹೇಳಿಬಿಡುತ್ತದೆ. ಎಷ್ಟು ಬೇಗ? ಎರಡು ಪಟ್ಟು, ಹತ್ತು ಪಟ್ಟು ಎಂದು ನಾವು ಎಣಿಸುತ್ತೇವೆ. ಪ್ರೋಟೀನಿನ ಕೊಂಡಿಗಳನ್ನು ಬರೇ ನೀರಿನಲ್ಲಿ ಬಿಟ್ಟರೆ ಅರ್ಧದಷ್ಟು ತುಂಡಾಗಲು ನೂರಾರು ವರ್ಷ ಬೇಕು. ಮಧ್ಯಾಹ್ನ ಉಂಡ ತೊವ್ವೆಯನ್ನು ನಮ್ಮ ಹೊಟ್ಟೆ ಸಂಜೆಯೊಳಗೆ ಬಿಡಿಸುತ್ತದೆ. ಇನ್ನೂ ಒಂದು ಹೇಳುತ್ತೇನೆ. ನಮ್ಮ ಜೀವಕೋಶದಲ್ಲಿ ಆರ್‌ಎನ್‌ಎಯ ಒಂದು ಬಿಡಿಭಾಗ ತಯಾರಾಗುವ ದಾರಿಯ ಕೊನೆಯಲ್ಲಿ, ಒಂದು ಅಣುವಿನಿಂದ ಇಂಗಾಲದ ಡೈಆಕ್ಸೈಡನ್ನು ಕಳಚಬೇಕು. ಕಿಣ್ವ ಇಲ್ಲದಿದ್ದರೆ ಅಂಥ ಅಣುಗಳಲ್ಲಿ ಅರ್ಧದಷ್ಟು ಬದಲಾಗಲು 7.8 ಕೋಟಿ ವರ್ಷ ಬೇಕು ಎಂದು ಅಮೆರಿಕದ ರಿಚರ್ಡ್ ವುಲ್ಫೆಂಡನ್ ಮತ್ತು ಅವರ ಜೊತೆಗಾರರು 1995ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷದ ಹಿಂದೆ. ಕಿಣ್ವ ಇದ್ದರೆ? 18 ಮಿಲಿಸೆಕೆಂಡ್. ಅಂದರೆ ಕಣ್ಣು ಮಿಟುಕಿಸುವುದಕ್ಕಿಂತಲೂ ಬೇಗ. ಈ ಎರಡು ಅಂಕಿಗಳನ್ನು ಮೊದಲ ಸಲ ಒಟ್ಟಿಗೆ ಓದಿದ ದಿನ ನಾನು ಪುಸ್ತಕ ಮಡಚಿ ಅಂಗಳಕ್ಕೆ ಬಂದು ಸುಮ್ನೆ ನಿಂತುಬಿಟ್ಟಿದ್ದೆ.

ನಾವು ಈಗ ಉಸಿರು ಬಿಡುತ್ತಿದ್ದೇವಲ್ಲ, ಅದರಲ್ಲೂ ಇದೇ. ರಕ್ತದಲ್ಲಿ ಕರಗಿ ಬಂದ ಬೈಕಾರ್ಬೊನೇಟು ಶ್ವಾಸಕೋಶದಲ್ಲಿ ಮತ್ತೆ ಇಂಗಾಲದ ಡೈಆಕ್ಸೈಡ್ ಆಗಬೇಕು. ರಕ್ತ ಅಲ್ಲಿನ ಕೂದಲಿಗಿಂತ ಸಪೂರದ ನಾಳದಲ್ಲಿ ಇರುವುದೇ ಸುಮಾರು ಮುಕ್ಕಾಲು ಸೆಕೆಂಡ್. ಕಾರ್ಬೊನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವದ ಒಂದು ಅಣು ಸೆಕೆಂಡಿಗೆ ಸುಮಾರು 10 ಲಕ್ಷ ಅಣುಗಳನ್ನು ಬದಲಿಸುತ್ತದೆ. ಹಾಗಾಗಿ ಆ ಮುಕ್ಕಾಲು ಸೆಕೆಂಡ್ ಸಾಕಾಗುತ್ತದೆ.

ಹೇಗೆ ಸಾಧ್ಯ ಇದು? ತಳ್ಳುತ್ತದೆಯೇ? ಶಕ್ತಿ ತುಂಬುತ್ತದೆಯೇ?

ಇಲ್ಲಿ ನಮ್ಮ ಊರಿನದ್ದೇ ಒಂದು ವಸ್ತು ನೆನಪಿಗೆ ಬರುತ್ತದೆ, ಸುರಂಗ. ಮುರಕಲ್ಲಿನ ಗುಡ್ಡದೊಳಗೆ ನೀರಿದೆ. ಅದು ಕೆಳಗೆ ಬರಲು ತಯಾರಿದೆ, ಇಳಿಜಾರು ಇದೆ. ಆದರೆ ನಡುವೆ ಕಲ್ಲು. ಹಾಗೇ ಬಿಟ್ಟರೆ ಜಿನುಗಿ ಜಿನುಗಿ ಯಾವ ಕಾಲಕ್ಕೋ ಬರಬಹುದು. ಹಿರಿಯರು ಪಿಕ್ಕಾಸು ಹಿಡಿದು, ಒಬ್ಬ ಬಗ್ಗಿ ಹೋಗುವಷ್ಟು ದಾರಿ ಕೊರೆದರು. ನೀರು ತಾನೇ ಬಂತು. ಪಂಪು ಇಲ್ಲ, ಕರೆಂಟು ಇಲ್ಲ. ಸುರಂಗ ಒಂದು ಹನಿ ನೀರನ್ನೂ ಹುಟ್ಟಿಸಲಿಲ್ಲ, ತಳ್ಳಲೂ ಇಲ್ಲ. ಅಡ್ಡ ಇದ್ದದ್ದನ್ನು ಕಡಿಮೆ ಮಾಡಿತು, ಅಷ್ಟೇ.

ರಾಸಾಯನಿಕ ಕ್ರಿಯೆಗೂ ಇಂಥ ಅಡ್ಡ ಇದೆ. ಹಳೆಯ ಕೊಂಡಿ ಬಿಡಬೇಕು, ಹೊಸದು ಕೂಡಬೇಕು. ನಡುವೆ ಒಂದು ಕ್ಷಣ ಅಣು ಎರಡೂ ಅಲ್ಲದ ಅವಸ್ಥೆಯಲ್ಲಿ ಇರಬೇಕಾಗುತ್ತದೆ. ಅರ್ಧ ಮುರಿದದ್ದು, ಅರ್ಧ ಕೂಡಿದ್ದು. ಅದನ್ನು ನಡುಸ್ಥಿತಿ ಎಂದು ಕರೆಯೋಣ. ಅಲ್ಲಿಗೆ ಏರಲು ಬೇಕಾದ ಶಕ್ತಿಗೆ ಆಕ್ಟಿವೇಷನ್ ಎನರ್ಜಿ ಎನ್ನುತ್ತಾರೆ. ಬಿಸಿ ಮಾಡಿದರೆ ಜಾಸ್ತಿ ಅಣುಗಳು ಆ ಎತ್ತರಕ್ಕೆ ಏರುತ್ತವೆ, ಅದು ಒಲೆಯ ದಾರಿ. ಕಿಣ್ವ ಆ ಎತ್ತರವನ್ನೇ ತಗ್ಗಿಸುತ್ತದೆ. ಸುರಂಗದ ಹೋಲಿಕೆಗೆ ಒಂದು ಮಿತಿ ಉಂಟು, ಅದನ್ನೂ ಹೇಳಬೇಕು. ನೀರು ಕೆಳಗೆ ಮಾತ್ರ ಬರುತ್ತದೆ. ಕಿಣ್ವ ಕೊರೆದ ದಾರಿಯಲ್ಲಿ ಹೋಗುವುದೂ ಬರುವುದೂ ಎರಡೂ ಸುಲಭವಾಗುತ್ತದೆ. ಕೊನೆಗೆ ಎಷ್ಟು ಇತ್ತ, ಎಷ್ಟು ಅತ್ತ ನಿಲ್ಲಬೇಕು ಎಂಬುದನ್ನು ಕಿಣ್ವ ಬದಲಿಸಲಾರದು. ಅಲ್ಲಿಗೆ ಬೇಗ ಮುಟ್ಟಿಸುತ್ತದೆ.

ಹುಡುಗರು ಲೋಟದ ಕಡೆಗೇ ನೋಡುತ್ತಿದ್ದಾರೆ. ಸರಿ, ಈಗ ಎರಡಕ್ಕೂ ಒಂದೊಂದು ಹನಿ ಅಯೋಡಿನ್ ಹಾಕೋಣ. ಎಂಜಲು ಹಾಕದ ತೆಳಿ ಕಡು ನೀಲಿ. ಅಯೋಡಿನ್ ಸೇರಿದರೆ ಪಿಷ್ಟಕ್ಕೆ ಬರುವ ಬಣ್ಣ ಅದು. ಇನ್ನೊಂದು ಲೋಟದಲ್ಲಿ ಬರೇ ಅಯೋಡಿನ್ನಿನದೇ ಹಳದಿ. ಅಲ್ಲಿ ನೀಲಿ ಆಗುವಂಥ ಪಿಷ್ಟ ಉಳಿದೇ ಇಲ್ಲ. ಎಂಜಲಿನ ಅಮೈಲೇಸ್ ಅದನ್ನೆಲ್ಲ ತುಂಡು ಮಾಡಿದೆ. ಕುಚ್ಚಲಕ್ಕಿ ಅನ್ನವನ್ನು ಬರಿದೇ, ನಿಧಾನ ಅಗಿದರೆ ಬಾಯಲ್ಲಿ ಸಿಹಿ ಹುಟ್ಟುವುದೂ ಇದರಿಂದಲೇ. ಸುಟ್ಟಿಲ್ಲ, ಕುದಿಸಿಲ್ಲ, ಆಸಿಡ್ ಹಾಕಿಲ್ಲ.

ಈಗ ನಾನು ಹೇಳಬೇಕೆಂದು ಬಂದ ಮುಖ್ಯ ಮಾತಿಗೆ ಬರುತ್ತೇನೆ.

ಕಿಣ್ವ ಯಾವುದರ ಮೇಲೆ ಕೆಲಸ ಮಾಡುತ್ತದೋ ಅದಕ್ಕೆ ಸಬ್‌ಸ್ಟ್ರೇಟ್ ಎಂದು ಹೆಸರು. ಅಮೈಲೇಸಿಗೆ ಪಿಷ್ಟ, ಮೈರೋಸಿನೇಸಿಗೆ ಸಿನಿಗ್ರಿನ್. ಒಂದಕ್ಕೆ ಇನ್ನೊಂದರ ಕೆಲಸ ಬರುವುದಿಲ್ಲ. ಯಾಕೆ ಎಂದು ಕೇಳಿದರೆ ಹತ್ತನೇ ಕ್ಲಾಸಿನ ಮಕ್ಕಳೂ ಹೇಳುತ್ತಾರೆ, ಬೀಗ ಮತ್ತು ಬೀಗದ ಕೈ. 1894ರಲ್ಲಿ ಎಮಿಲ್ ಫಿಶರ್ ಕೊಟ್ಟ ಹೋಲಿಕೆ ಅದು. ಆಕಾರ ಹೊಂದಬೇಕು. ನಾನೂ ಓದುವಾಗ ಇದನ್ನೇ ಬರೆದೆ, ಪಾಠ ಮಾಡುವಾಗಲೂ ವರ್ಷಗಟ್ಟಲೆ ಇದನ್ನೇ ಹೇಳಿದೆ. ತಪ್ಪೇನೂ ಅಲ್ಲ. ಆದರೆ ಅಷ್ಟಕ್ಕೇ ನಿಂತರೆ ಅಸಲು ಸಂಗತಿ ಕೈತಪ್ಪುತ್ತದೆ. ಹೊಂದುವುದು ಬೇರೆ, ಕೆಲಸ ಆಗುವುದು ಬೇರೆ.

ಮೊದಲು ಹಿಡಿಯುವುದು ಹೇಗೆ ಎಂದು ನೋಡೋಣ. ಯಕ್ಷಗಾನದ ಚೌಕಿಯೊಳಗೆ ಹೋದವರಿಗೆ ಗೊತ್ತು, ವೇಷ ಕಟ್ಟುವುದು ಒಂದೇ ದಪ್ಪ ಹಗ್ಗದಲ್ಲಿ ಅಲ್ಲ. ಅಲ್ಲೊಂದು ದಾರ, ಇಲ್ಲೊಂದು ನೂಲು. ಒಂದೊಂದನ್ನು ನೋಡಿದರೆ ಎಳೆದರೆ ಬಿಚ್ಚುವಂಥದ್ದು. ಎಲ್ಲ ಸೇರಿದರೆ ರಾತ್ರಿಯಿಡೀ ಕುಣಿದರೂ ವೇಷ ಅಲ್ಲಾಡುವುದಿಲ್ಲ. ಬೆಳಗ್ಗೆ ಬಿಚ್ಚಲು ಕತ್ತರಿಯೂ ಬೇಡ. ಕಿಣ್ವ ಸಬ್‌ಸ್ಟ್ರೇಟನ್ನು ಹಿಡಿಯುವುದೂ ಹಾಗೆಯೇ. ಹೈಡ್ರೋಜನ್ ಕೊಂಡಿಗಳು, ಪ್ಲಸ್ಸು ಮೈನಸ್ಸಿನ ಸೆಳೆತ, ಎಣ್ಣೆಯ ಗುಣದ ಭಾಗಗಳು ನೀರಿನಿಂದ ದೂರ ಸರಿದು ಒಂದಕ್ಕೊಂದು ಒತ್ತಿಕೊಳ್ಳುವುದು. ಎಲ್ಲ ಸಡಿಲ ಗಂಟುಗಳು. ಹಲವು ಸೇರುವುದರಿಂದ ಹಿಡಿತ ಬರುತ್ತದೆ. ಸಡಿಲ ಇರುವುದರಿಂದ ಕೆಲಸ ಮುಗಿದ ಮೇಲೆ ಬಿಡಲೂ ಆಗುತ್ತದೆ. ಒಂದು ಗಂಟಿನ ಜಾಗ ತಪ್ಪಿದರೂ ಹಿಡಿತ ಬಲ ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಕಿಣ್ವ ಅಷ್ಟು ಆಯ್ಕೆ ಮಾಡುವುದು.

ಚೌಕಿಯಲ್ಲೇ ಮುಂಡಾಸು ಸುತ್ತುವುದನ್ನೂ ನೋಡಿರಬಹುದು. ಉದ್ದದ ಬಟ್ಟೆ. ಹಾಸಿದರೆ ಈ ತುದಿಗೂ ಆ ತುದಿಗೂ ಸಂಬಂಧ ಇಲ್ಲ. ಸುತ್ತಿದ ಮೇಲೆ ಎಲ್ಲಿಯದೋ ಒಂದು ಅಂಚು ಇನ್ನೆಲ್ಲಿಯದೋ ಅಂಚಿನ ಪಕ್ಕ ಬಂದು ಕೂತಿರುತ್ತದೆ. ಪ್ರೋಟೀನ್ ಕೂಡ ಅಮೈನೋ ಆಮ್ಲಗಳ ಉದ್ದ ಸರ. ಮಡಿಚಿ ಮಡಿಚಿ ಉಂಡೆಯಾದಾಗ ದೂರದ ಮಣಿಗಳು ಹತ್ತಿರ ಬಂದು ಒಂದು ಸಣ್ಣ ಗುಳಿ ಆಗುತ್ತದೆ. ಕೆಲಸ ನಡೆಯುವುದು ಆ ಗುಳಿಯಲ್ಲಿ. ಮತ್ತೆ ಆ ಗುಳಿ ಕಲ್ಲಿನ ಹಾಗೆ ಗಟ್ಟಿಯೂ ಅಲ್ಲ. ಸಬ್‌ಸ್ಟ್ರೇಟ್ ಬಂದು ಕೂತಾಗ ಕೈಬೆರಳು ಮುಚ್ಚಿದಂತೆ ಮುಚ್ಚಿಕೊಳ್ಳುತ್ತದೆ. ಇದನ್ನು 1958ರಲ್ಲಿ ಡೇನಿಯಲ್ ಕೋಶ್‌ಲ್ಯಾಂಡ್ ಹೇಳಿದರು.

ಇನ್ನು ಕೆಲಸ. ಒಂದು ತೆಂಗಿನಕಾಯಿ ಯೋಚಿಸಿ. ಅದಕ್ಕೆ ಸರಿಯಾಗಿ ಹೊಂದುವ, ಎಲ್ಲೂ ತಾಗದ, ಚಂದದ ಒಂದು ಬುಟ್ಟಿ ಹೆಣೆದೆವು ಅಂದುಕೊಳ್ಳಿ. ಕಾಯಿ ಅದರಲ್ಲಿ ಆರಾಮಾಗಿ ಕೂತಿತು. ಸುಲಿಯಿತೇ? ಇಲ್ಲ. ಅಲ್ಲೇ ಕೂತಿರುತ್ತದೆ, ಇನ್ನಷ್ಟು ಭದ್ರವಾಗಿ. ಕಾಯಿ ಸುಲಿಯಲು ಅಂಗಳದ ಮೂಲೆಯಲ್ಲಿ ನೆಟ್ಟಿರುವ ಹಾರೆ ಬೇಕು. ಹಾರೆಯ ಆಕಾರ ಇಡೀ ಕಾಯಿಗೆ ಹೊಂದುವುದಿಲ್ಲ. ಅದು ಹೊಂದುವುದು ಸಿಪ್ಪೆ ಅರ್ಧ ಬಾಯಿ ಬಿಟ್ಟ ಕಾಯಿಗೆ. ಕಾಯಿಯನ್ನು ಅದರ ಮೇಲೆ ಕುತ್ತಿ, ಒಂದು ಬದಿಗೆ ಒತ್ತಿ ತಿರುಗಿಸಿದರೆ ಸಿಪ್ಪೆ ಬಾಯಿ ಬಿಡುತ್ತದೆ.

ಕಿಣ್ವದ ಗುಳಿಯೂ ಹೀಗೆಯೇ. ಅದು ಸಬ್‌ಸ್ಟ್ರೇಟಿಗೆ ಸುಮಾರಾಗಿ ಹೊಂದುತ್ತದೆ. ಪೂರ್ತಿ ಹೊಂದುವುದು ಆ ನಡುಸ್ಥಿತಿಗೆ, ಅರ್ಧ ಮುರಿದ ಅಣುವಿಗೆ. ಸಬ್‌ಸ್ಟ್ರೇಟಿಗೇ ಪೂರ್ತಿ ಹೊಂದಿದ್ದರೆ ಅದು ಬುಟ್ಟಿಯೊಳಗಿನ ಕಾಯಿ. ಕೆಳಗೆ ಇನ್ನಷ್ಟು ಆಳಕ್ಕೆ ಇಳಿದಂತೆ, ಏರಬೇಕಾದ ಎತ್ತರ ಜಾಸ್ತಿಯೇ ಆಗುತ್ತಿತ್ತು. ನಡುಸ್ಥಿತಿಯನ್ನು ಬಿಗಿಯಾಗಿ ಹಿಡಿಯುವುದರಿಂದ ಅದೇ ಸುಲಭದ ಅವಸ್ಥೆಯಾಗುತ್ತದೆ, ಎತ್ತರ ತಗ್ಗುತ್ತದೆ. ಬ್ರಿಟನ್ನಿನ ವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ 1930ರಲ್ಲೇ ಇದರ ಸುಳಿವು ಕೊಟ್ಟಿದ್ದರು. ಬೀಗದ ಕೈ ಪೂರ್ತಿ ಹೊಂದುವುದಿಲ್ಲ, ಸ್ವಲ್ಪ ಎಳೆದು ಬಗ್ಗಿಸುತ್ತದೆ ಎಂಬ ಅರ್ಥದಲ್ಲಿ ಬರೆದರು. ಮುಂದೆ ಅವರು ನಮ್ಮ ದೇಶಕ್ಕೇ ಬಂದು ನೆಲೆಸಿದರು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. 1940ರ ದಶಕದಲ್ಲಿ ಲೈನಸ್ ಪಾಲಿಂಗ್ ಇದನ್ನೇ ಸ್ಪಷ್ಟವಾಗಿ ಹೇಳಿದರು. ನನ್ನ ಮಟ್ಟಿಗೆ ಇಡೀ ಜೀವರಸಾಯನದಲ್ಲಿ ಇಷ್ಟು ಚಂದದ ಯೋಚನೆ ಇನ್ನೊಂದಿಲ್ಲ.

ಕಣ್ಣಿಗೆ ಕಾಣುವಂತೆ ಇದನ್ನು ಮೊದಲು ತೋರಿಸಿದ್ದು ನಮ್ಮ ಕಣ್ಣೀರಲ್ಲೇ ಇರುವ ಒಂದು ಕಿಣ್ವ, ಲೈಸೋಝೈಮ್. ಕೋಳಿಮೊಟ್ಟೆಯ ಬಿಳಿಯಲ್ಲೂ ಇದೆ. ಅಲೆಕ್ಸಾಂಡರ್ ಫ್ಲೆಮಿಂಗ್ ಇದನ್ನು ಪತ್ತೆ ಮಾಡಿ 1922ರಲ್ಲಿ ವರದಿ ಮಾಡಿದರು, ಪೆನಿಸಿಲಿನ್‌ಗಿಂತ ಮೊದಲು. ಬ್ಯಾಕ್ಟೀರಿಯಾದ ಗೋಡೆ ಸಕ್ಕರೆಯ ಉಂಗುರಗಳ ಸರಪಳಿಯಿಂದ ಆದದ್ದು. ಲೈಸೋಝೈಮ್ ಆ ಸರಪಳಿ ಕತ್ತರಿಸುತ್ತದೆ. 1965ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಫಿಲಿಪ್ಸ್ ಮತ್ತು ಸಂಗಡಿಗರು ಎಕ್ಸ್‌ರೇಯಿಂದ ಅದರ ರೂಪ ಬಿಡಿಸಿದರು. ಒಂದು ಕಿಣ್ವದ ಪೂರ್ತಿ ರೂಪ ಕಂಡದ್ದು ಅದೇ ಮೊದಲು. 129 ಅಮೈನೋ ಆಮ್ಲಗಳ ಸರ, ನಡುವೆ ಉದ್ದಕ್ಕೆ ಒಂದು ಸೀಳು. ಆ ಸೀಳಿನಲ್ಲಿ ಆರು ಸಕ್ಕರೆ ಉಂಗುರ ಕೂರುತ್ತದೆ. ನಾಲ್ಕನೆಯದಕ್ಕೆ ಜಾಗ ಇಕ್ಕಟ್ಟು, ಅದು ಸ್ವಲ್ಪ ತಿರುಚಿಕೊಂಡೇ ಕೂರಬೇಕು. ಕತ್ತರಿಸುವುದು ಸರಿಯಾಗಿ ಅದರ ಪಕ್ಕದಲ್ಲೇ, ನಾಲ್ಕು ಮತ್ತು ಐದರ ನಡುವೆ. ಸರದ 35ನೇ ಮಣಿ ಒಂದು ಬದಿಯಿಂದ ಪ್ರೋಟಾನ್ ಕೊಟ್ಟು ಕೊಂಡಿ ಬಿಡಿಸುತ್ತದೆ. ಬಿಡುವಾಗ ಆ ಉಂಗುರದಲ್ಲಿ ಪ್ಲಸ್ಸಿನ ಗುಣ ಬರುತ್ತದಲ್ಲ, ಅದನ್ನು ಇನ್ನೊಂದು ಬದಿಯಿಂದ 52ನೇ ಮಣಿ ಸಂಭಾಳಿಸುತ್ತದೆ. ಮುಂಡಾಸಿನ ಮಾತು ನೆನಪಿಸಿಕೊಳ್ಳಿ. ಸರದಲ್ಲಿ ಹದಿನೇಳು ಮಣಿಯಷ್ಟು ದೂರ ಇರುವವು ಮಡಿಚಿದಾಗ ಎದುರುಬದುರು. ಪ್ರತಿ ಸಲ ಕಣ್ಣು ಮಿಟುಕಿಸುವಾಗ ಇದು ಕಣ್ಣಿನ ಮೇಲೆ ಹರಡುತ್ತದೆ.

ವೇಗಕ್ಕೆ ಒಂದು ಮಿತಿಯೂ ಇದೆ. ಹತ್ತು ಜನ ಅಡಿಕೆ ಸುಲಿಯಲು ಕೂತಿದ್ದಾರೆ. ಎದುರು ನಾಲ್ಕೇ ಅಡಿಕೆ ಇದ್ದರೆ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ರಾಶಿ ದೊಡ್ಡದಾದಂತೆ ಕೆಲಸ ಚುರುಕಾಗುತ್ತದೆ. ಒಂದು ಹಂತ ದಾಟಿದ ಮೇಲೆ ಇನ್ನೂ ಹತ್ತು ಗೋಣಿ ತಂದು ಸುರಿದರೂ ಅಷ್ಟೇ, ಕೈ ಇರುವುದು ಇಪ್ಪತ್ತು. ಕಿಣ್ವದ ಈ ಲೆಕ್ಕವನ್ನು 1913ರಲ್ಲಿ ಲಿಯೊನಾರ್ ಮೈಕೇಲಿಸ್ ಮತ್ತು ಮಾಡ್ ಮೆಂಟನ್ ಬರೆದಿಟ್ಟರು. ಅವರು ನೋಡಿದ್ದು ಸಕ್ಕರೆಯನ್ನು ಎರಡು ಮಾಡುವ ಇನ್ವರ್ಟೇಸ್ ಎಂಬ ಕಿಣ್ವವನ್ನು. ಮೆಂಟನ್ ಕೆನಡಾದ ಹೆಣ್ಣುಮಗಳು, ಕಡಲು ದಾಟಿ ಬರ್ಲಿನ್ನಿಗೆ ಹೋಗಿ ಈ ಕೆಲಸ ಮಾಡಿದರು. ಗರಿಷ್ಠ ವೇಗದ ಅರ್ಧಕ್ಕೆ ಎಷ್ಟು ಸಬ್‌ಸ್ಟ್ರೇಟ್ ಬೇಕು ಎಂಬ ಅಳತೆ ಇಂದಿಗೂ ಮೈಕೇಲಿಸ್ ಹೆಸರಿನಲ್ಲಿದೆ. ಆ ಸಮೀಕರಣದಲ್ಲಿ ಇಬ್ಬರ ಹೆಸರೂ ಇದೆ.

ಕಿಣ್ವ ಯಾವಾಗ ಕೆಡುತ್ತದೆ? ಮಡಿಕೆ ಬಿಚ್ಚಿದಾಗ. ಇಲ್ಲಿ ಹಸಿ ಬಟಾಟೆಯ ತುಂಡು, ಅಲ್ಲಿ ಬೇಯಿಸಿದ್ದು. ಎರಡಕ್ಕೂ ಮೆಡಿಕಲ್‌ನಿಂದ ತಂದ ಹೈಡ್ರೋಜನ್ ಪೆರಾಕ್ಸೈಡ್ ಹಾಕುತ್ತೇನೆ. ಹಸಿಯದ್ದು ಬುಸುಬುಸು ನೊರೆ ಬಿಡುತ್ತಿದೆ, ಅದು ಆಕ್ಸಿಜನ್. ಕೆಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ಒಡೆಯುತ್ತಿದೆ. ಬೇಯಿಸಿದ್ದು ಸುಮ್ಮನೆ ಇದೆ. ಬಿಸಿಗೆ ಕೆಟಲೇಸಿನ ಮುಂಡಾಸು ಬಿಚ್ಚಿಹೋಗಿದೆ. ಅದೇ ಬಟ್ಟೆ, ಅದೇ ಉದ್ದ, ಗುಳಿ ಮಾತ್ರ ಇಲ್ಲ.

ಹುಳಿಯೂ ಹೀಗೆ ಮಾಡಬಲ್ಲದು. ಗುಜ್ಜೆ, ಬಾಳೆಕಾಯಿ ಹೆಚ್ಚಿದ ಕೂಡಲೇ ಕಪ್ಪಾಗದಂತೆ ಮಜ್ಜಿಗೆ ನೀರಿಗೆ ಹಾಕುತ್ತೇವಲ್ಲ, ಅಲ್ಲಿ ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವದ ಕೈ ಕಟ್ಟಿದ್ದೇವೆ. ನೀರಿನೊಳಗೆ ಗಾಳಿ ಕಡಿಮೆ, ಹುಳಿಯಲ್ಲಿ ಕಿಣ್ವ ನಿಧಾನ. ಅನಾನಸಿಗೆ ಮೊಸರು ಬೆರೆಸಿ ಹೊತ್ತು ಬಿಟ್ಟರೆ ಕಹಿಯಾಗುವುದು ಬ್ರೋಮೆಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸುವುದರಿಂದ. ಆ ತುಂಡುಗಳಲ್ಲಿ ಕೆಲವು ಕಹಿ. ಅನಾನಸನ್ನು ಮೊದಲು ಬೇಯಿಸಿದರೆ ಕಹಿ ಬರುವುದಿಲ್ಲ. ಹಸಿ ಬಪ್ಪಂಗಾಯಿಯ, ಅಂದರೆ ಪಪ್ಪಾಯಿಯ, ಹಾಲಿನಲ್ಲಿ ಇರುವ ಪಪೈನ್ ಕೂಡ ಇದೇ ಜಾತಿಯ ಕೆಲಸದ್ದು. ಮಾಂಸ ಮೆತ್ತಗಾಗಲು ಅದನ್ನು ಹಾಕುತ್ತಾರೆ.

ತೋಟದವರೊಬ್ಬರು ಎದ್ದು ಕೇಳಿದರು, “ಮಾಷ್ಟ್ರೇ, ತೋಟಕ್ಕೆ ಮದ್ದು ಬಿಡುವಾಗ ತಲೆ ತಿರುಗಿ ಬೀಳುವುದು ಉಂಟಲ್ಲ, ಅದಕ್ಕೂ ಇದಕ್ಕೂ ಸಂಬಂಧ ಉಂಟಾ?”

ಉಂಟು. ನರದಿಂದ ಸ್ನಾಯುವಿಗೆ ಸುದ್ದಿ ಮುಟ್ಟಿಸುವ ಅಸಿಟೈಲ್‌ಕೋಲಿನ್ ಎಂಬ ವಸ್ತು ಇದೆ. ಸುದ್ದಿ ಮುಟ್ಟಿದ ಕೂಡಲೇ ಅದನ್ನು ಒಡೆಯಬೇಕು. ಇಲ್ಲದಿದ್ದರೆ ಗಂಟೆ ಬಾರಿಸುತ್ತಲೇ ಇರುತ್ತದೆ. ಒಡೆಯುವ ಕಿಣ್ವದ ಒಂದು ಅಣು ಸೆಕೆಂಡಿಗೆ ಹತ್ತು ಸಾವಿರಕ್ಕೂ ಜಾಸ್ತಿ ಅಣುಗಳನ್ನು ಮುಗಿಸಬಲ್ಲದು. ಕ್ಲೋರ್‌ಪೈರಿಫಾಸ್‌ನಂಥ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ಮೈಯೊಳಗೆ ಹೋದ ಮೇಲೆ ಈ ಕಿಣ್ವದ ಗುಳಿಗೆ ಸಬ್‌ಸ್ಟ್ರೇಟಿನ ಹಾಗೆಯೇ ಬಂದು ಕೂರುತ್ತವೆ. ಕೆಲಸವೂ ಶುರುವಾಗುತ್ತದೆ. ಆದರೆ ಒಂದು ತುಂಡು ಅಲ್ಲೇ ಸಿಕ್ಕಿಕೊಂಡು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬಿಡುವುದಿಲ್ಲ. ಬೀಗದೊಳಗೆ ಮುರಿದ ಕೈ ಇದ್ದ ಹಾಗೆ. ಬೆವರು, ಬಾಯಲ್ಲಿ ನೀರು, ಕಣ್ಣಿನ ಪಾಪೆ ಸಣ್ಣದಾಗುವುದು, ಉಸಿರು ಕಟ್ಟುವುದು, ಎಲ್ಲ ಅದರಿಂದಲೇ. ಹೀಗಾದರೆ ಮನೆಮದ್ದು ಮಾಡುತ್ತ ಕೂರಬೇಡಿ. ಬಟ್ಟೆ ಬದಲಿಸಿ, ಮೈ ಸೋಪು ಹಾಕಿ ತೊಳೆದು, ಆ ಕೀಟನಾಶಕದ ಬಾಟಲಿಯನ್ನೂ ಹಿಡಿದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿ. ಹೆಸರು ತಿಳಿದರೆ ಡಾಕ್ಟರಿಗೆ ಯಾವ ಔಷಧಿ ಎಂದು ಬೇಗ ಗೊತ್ತಾಗುತ್ತದೆ.

“ಎಂಡೋಸಲ್ಫಾನ್ ಕೂಡ ಹೀಗೆಯಾ?” ಎಂದು ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಕೇಳಿದರು. ನಮ್ಮ ಕಡೆ ಈ ಪ್ರಶ್ನೆ ಬಾರದೆ ಇರುವುದಿಲ್ಲ. ಅದೂ ಕೀಟನಾಶಕವೇ, ಆದರೆ ಬೇರೆ ಗುಂಪು, ಆರ್ಗನೋಕ್ಲೋರಿನ್. ಅದರ ವಿಷ ಮುಖ್ಯವಾಗಿ ತಾಗುವುದು ಈ ಕಿಣ್ವಕ್ಕಲ್ಲ. ಮೆದುಳಿನಲ್ಲಿ ನರಗಳ ಅಬ್ಬರ ತಣಿಸುವ ಗಾಬಾ ಎಂಬ ವಸ್ತುವಿನ ಬಾಗಿಲುಗಳನ್ನು ಅದು ಮುಚ್ಚುತ್ತದೆ. ಅಪಸ್ಮಾರದಂತೆ ಸೆಳೆತ ಬರುವುದು ಹಾಗೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸಿದ ವರ್ಷಗಳ ನೋವು ಈ ಊರುಗಳಲ್ಲಿ ಇನ್ನೂ ಆರಿಲ್ಲ. ಆ ಮಾತಿಗೆ ಬೇರೆಯೇ ಒಂದು ದಿನ ಕೂರಬೇಕು ಎಂದೆ. ಅಕ್ಕ ತಲೆ ಆಡಿಸಿದರು.

ಕೊನೆಗೆ ಒಬ್ಬರು ಅಜ್ಜಿ. ಬೆಳಗ್ಗೆ ಮಾಡಿದ ಸಾಸಮೆಯ ಘಾಟು ಸಂಜೆಗೆ ಎಲ್ಲಿ ಹೋಗುತ್ತದೆ ಎಂದು ಕೇಳಿದರು. ಎಷ್ಟು ಒಳ್ಳೆಯ ಪ್ರಶ್ನೆ! ಘಾಟಿನ ವಸ್ತು ಗಾಳಿಗೆ ಹಾರುತ್ತದೆ, ನೀರಿನ ಜೊತೆ ಸೇರಿ ನಿಧಾನವಾಗಿ ಒಡೆಯುತ್ತಲೂ ಇರುತ್ತದೆ. ಅರೆದದ್ದರಲ್ಲಿ ಇದ್ದ ಸಿನಿಗ್ರಿನ್ ಮುಗಿದ ಮೇಲೆ ಹೊಸದು ಹುಟ್ಟುವುದಿಲ್ಲ. ಹುಳಿ ಇದ್ದರೆ ಘಾಟು ಜಾಸ್ತಿ ಹೊತ್ತು ನಿಲ್ಲುತ್ತದೆ. ಆದರೆ ಹುಳಿಯನ್ನು ಮೊದಲೇ ಹಾಕಿದರೆ ಕಿಣ್ವ ನಿಧಾನ ಆಗುತ್ತದೆ. ಹಾಗಾಗಿ ಸಾಸಿವೆಯನ್ನು ಬರೇ ತಣ್ಣೀರಿನಲ್ಲಿ ಅರೆದು, ಹತ್ತು ನಿಮಿಷ ಬಿಟ್ಟು, ಆಮೇಲೆ ಹುಳಿ ಮಾವಿನ ಹಣ್ಣಿಗೆ ಬೆರೆಸಿ ನೋಡಿ ಎಂದೆ.

“ಹತ್ತು ನಿಮಿಷ ಬಿಡುವುದು ಗೊತ್ತಿಲ್ಲ ಮಗಾ” ಎಂದರು ಅಜ್ಜಿ. “ನಾವು ಅರೆದು ಮುಚ್ಚಿಟ್ಟು, ಹಣ್ಣಿನ ಸಿಪ್ಪೆ ತೆಗೆಯಲು ಕೂರುತ್ತಿದ್ದೆವು.”